ತಲೆಗೆ ಬಂದದ್ದು ಪೇಟಕ್ಕೆ ಹೋಯಿತು

ಜೆಫ್ರಿ ಕೂಪರ್ ವೈದ್ಯರಲ್ಲ. 1972ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ವಿಭಾಗಕ್ಕೆ ಅವರು ಎಂಜಿನಿಯರಾಗಿ ಬಂದು ಸೇರಿದರು. ಅಲ್ಲಿನ ಸಂಶೋಧಕರಿಗೆ ಬೇಕಾದ ಉಪಕರಣಗಳನ್ನು ರೂಪಿಸಿಕೊಡುವುದು ಅವರ ಕೆಲಸವಾಗಿತ್ತು. 1846ರ ಅಕ್ಟೋಬರ್ 16ರಂದು ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಆವಿಯನ್ನು ಕೊಟ್ಟು, ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ನೆರೆದ ವೈದ್ಯರ ಮುಂದೆ ತೋರಿಸಿಕೊಟ್ಟದ್ದು ಇದೇ ಆಸ್ಪತ್ರೆಯಲ್ಲಿ. ಅರಿವಳಿಕೆ ಶಾಸ್ತ್ರವನ್ನು ಓದುವ ಪ್ರತಿಯೊಬ್ಬರಿಗೂ ಮಾರ್ಟನ್ ಹೆಸರು, ಆ ತಾರೀಖು ಬಾಯಿಪಾಠ. ಕೂಪರ್ ಹೆಸರು ನನ್ನ ಕಿವಿಗೆ ಬಿದ್ದದ್ದು ಎಂ.ಡಿ. ಮುಗಿಸಿ ಹಲವು ವರ್ಷ ಕೆಲಸ ಮಾಡಿದ ಮೇಲೆ. ಆಪರೇಷನ್ ಟೇಬಲ್ಲಿನ ತಲೆಯ ಕಡೆ ನಿಂತು ಇಪ್ಪತ್ತನಾಲ್ಕು ವರ್ಷ ಕಳೆದಿರುವ ನನಗೆ, ನನ್ನ ರೋಗಿಗಳು ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ಋಣಿಗಳು ಎಂದು ಯಾರಾದರೂ ಕೇಳಿದರೆ ಕೂಡಲೇ ಉತ್ತರ ಹೇಳಲಾರೆ.

ಕೂಪರ್ ತಮ್ಮ ಕೆಲಸದ ಭಾಗವಾಗಿ ಓಟಿಯೊಳಗೆ, ಅಂದರೆ ಆಪರೇಷನ್ ಥಿಯೇಟರಿನೊಳಗೆ, ಗಂಟೆಗಟ್ಟಲೆ ನಿಂತು ನೋಡುತ್ತಿದ್ದರು. ನಮ್ಮ ಕಡೆ ಇಂದಿಗೂ ಬಾಯ್ಲ್ಸ್ ಮೆಷಿನ್ ಎಂದೇ ಕರೆಯುವ ಅರಿವಳಿಕೆ ಯಂತ್ರ ಅವರ ಕಣ್ಣಿಗೆ ಬೇರೆಯದೇ ರೀತಿಯಲ್ಲಿ ಕಂಡಿತು. ಆಗ ಮಾರುಕಟ್ಟೆಯಲ್ಲಿದ್ದ ಯಂತ್ರಗಳಲ್ಲಿ ಅರ್ಧದಷ್ಟರಲ್ಲಿ ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಅರಿವಳಿಕೆಯ ಆವಿ ಹೆಚ್ಚುತ್ತಿತ್ತು; ಉಳಿದ ಅರ್ಧದಲ್ಲಿ ಬಲಕ್ಕೆ ತಿರುಗಿಸಿದರೆ ಕಡಿಮೆಯಾಗುತ್ತಿತ್ತು. ಬೆಳಿಗ್ಗೆ ಒಂದು ಕೋಣೆಯಲ್ಲಿ, ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಕೆಲಸ ಮಾಡುವ ವೈದ್ಯರ ಕೈ ಯಾವ ಅಭ್ಯಾಸವನ್ನು ನೆನಪಿಟ್ಟುಕೊಳ್ಳಬೇಕು? ರಕ್ತದೊತ್ತಡ ಕುಸಿಯುತ್ತಿರುವಾಗ ಆವಿಯನ್ನು ಇಳಿಸಲು ಹೋದ ಕೈ ಅದನ್ನು ಏರಿಸಿಬಿಟ್ಟರೆ, ಅದನ್ನು ವೈದ್ಯರ ತಪ್ಪು ಎನ್ನಬೇಕೋ ಯಂತ್ರದ ತಪ್ಪು ಎನ್ನಬೇಕೋ?

ಅರಿವಳಿಕೆಯಿಂದ ಜನ ಸಾಯುತ್ತಾರೆ ಎಂಬುದು ಅಷ್ಟರಲ್ಲಾಗಲೇ ಎಲ್ಲರಿಗೂ ತಿಳಿದಿದ್ದ ವಿಷಯವಾಗಿತ್ತು. ಅದೇ ಆಸ್ಪತ್ರೆಯ ಹೆನ್ರಿ ಬೀಚರ್ ಮತ್ತು ಡೊನಾಲ್ಡ್ ಟಾಡ್ ಎಂಬ ವೈದ್ಯರು ಹತ್ತು ಆಸ್ಪತ್ರೆಗಳ ಸುಮಾರು ಆರು ಲಕ್ಷ ಅರಿವಳಿಕೆಗಳ ಲೆಕ್ಕ ಹಿಡಿದು 1954ರಲ್ಲಿ ದೊಡ್ಡ ವರದಿಯೊಂದನ್ನು ಪ್ರಕಟಿಸಿದ್ದರು. ಸುಮಾರು 1,560 ಅರಿವಳಿಕೆಗಳಿಗೆ ಒಂದರಂತೆ, ಅರಿವಳಿಕೆಯೇ ಕಾರಣವಾದ ಅಥವಾ ಅದರ ಪಾಲಿದ್ದ ಸಾವು ಅವರಿಗೆ ಕಂಡಿತ್ತು. ಅತ್ಯಂತ ಶ್ರಮದ ಕೆಲಸ ಅದು. ಆದರೆ ಸತ್ತವರನ್ನು ಎಣಿಸುವ ವಿಧಾನಕ್ಕೆ ಒಂದು ಮಿತಿಯಿದೆ: ಸಾವು ಸಂಭವಿಸಿದ ಮೇಲೆ ಉಳಿಯುವುದು ಕೇಸ್ ಷೀಟ್ ಮಾತ್ರ, ಮತ್ತು ಸಾವಿನ ನಂತರ ಬರೆದ ಕೇಸ್ ಷೀಟಿನಲ್ಲಿ ಯಾರ ಕೈ ಎಲ್ಲಿ ತಡವರಿಸಿತೆಂಬುದು ಇರುವುದಿಲ್ಲ. ಸ್ನಾಯುಗಳನ್ನು ಸಡಿಲಗೊಳಿಸುವ ಕ್ಯುರಾರೆ ಬಳಸಿದ ರೋಗಿಗಳಲ್ಲಿ ಸಾವು ಹೆಚ್ಚೆಂದು ಕಂಡ ಬೀಚರ್ ಮತ್ತು ಟಾಡ್, ಆ ಔಷಧಿಯಲ್ಲೇ ಏನೋ ವಿಷವಿದೆ ಎಂದು ಅನುಮಾನಿಸಿದರು. ಕ್ಯುರಾರೆ ಕೊಟ್ಟ ರೋಗಿಯ ಉಸಿರಾಟದ ಶಕ್ತಿ ಮರಳುವವರೆಗೆ ಯಾರಾದರೂ ಪಕ್ಕದಲ್ಲಿ ನಿಂತು ಉಸಿರು ಕೊಡುತ್ತಿದ್ದರೇ ಎಂಬುದು ಮುಖ್ಯ ಪ್ರಶ್ನೆಯೆಂದು ಇಂದು ನಮಗೆ ಅನ್ನಿಸುತ್ತದೆ. ಕಾಗದಗಳು ಆ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ.

ಕೂಪರ್ ಮತ್ತು ಅವರ ಜೊತೆಗಾರರು ಕಾಗದವನ್ನು ಬಿಟ್ಟು ಬದುಕಿರುವವರ ಬಳಿಗೆ ಹೋದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸೇನಾ ವಿಮಾನ ಚಾಲಕರ ನಡುವೆ ಬಳಸಿದ್ದ ಒಂದು ವಿಧಾನವಿತ್ತು. ನೀವು ಕಣ್ಣಾರೆ ಕಂಡ, ಅಪಾಯಕ್ಕೆ ಎಡೆಮಾಡಿದ ಅಥವಾ ಮಾಡಬಹುದಾಗಿದ್ದ ಒಂದು ನಿರ್ದಿಷ್ಟ ಘಟನೆಯನ್ನು ಹೇಳಿ, ಏನಾಯಿತು, ಆಗ ನೀವೇನು ಮಾಡುತ್ತಿದ್ದಿರಿ, ಹೇಗೆ ಗೊತ್ತಾಯಿತು ಎಂದು ಕೇಳುವ ವಿಧಾನ. ಅದನ್ನೇ ಕೂಪರ್ ತಂಡ ಓಟಿಗೆ ತಂದಿತು. ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಹೇಳಿದವರ ಹೆಸರು ಹೊರಬರುವುದಿಲ್ಲ ಎಂಬ ಭರವಸೆಯ ಮೇಲೆ 47 ಮಂದಿ ಅರಿವಳಿಕೆ ವೈದ್ಯರನ್ನು ಮಾತನಾಡಿಸಿದರು. ಅವರಿಂದ ತಡೆಯಬಹುದಾಗಿದ್ದ 359 ಘಟನೆಗಳು ಹೊರಬಂದವು. ಲೆಕ್ಕ ಹಾಕಿದರೆ ತಲಾ ಏಳಕ್ಕಿಂತ ಹೆಚ್ಚು. ಈ ಅಧ್ಯಯನ 1978ರಲ್ಲಿ ‘ಅನೆಸ್ತೀಸಿಯಾಲಜಿ’ ಪತ್ರಿಕೆಯಲ್ಲಿ ಅಚ್ಚಾಯಿತು.

ಯಾವುದನ್ನು ಘಟನೆ ಎಂದು ಎಣಿಸಬೇಕೆಂಬ ವಿಷಯದಲ್ಲಿ ಅವರು ತೆಗೆದುಕೊಂಡ ನಿರ್ಧಾರ ನನಗೆ ಇಡೀ ಅಧ್ಯಯನದ ಜೀವಾಳವೆನಿಸುತ್ತದೆ. ರೋಗಿಗೆ ಕೆಡುಕು ಆಗಿರಲೇಬೇಕೆಂದಿಲ್ಲ; ಸಮಯಕ್ಕೆ ಸರಿಯಾಗಿ ಕಂಡುಹಿಡಿಯದೇ ಹೋಗಿದ್ದರೆ ಆಗಬಹುದಾಗಿತ್ತು ಎಂಬಷ್ಟೇ ಸಾಕು. ಕನ್ನಡದಲ್ಲಿ ‘ತಪ್ಪು’ ಎಂಬ ಒಂದೇ ಧಾತು ಎರಡೂ ಕಡೆ ದುಡಿಯುತ್ತದೆ: ಲೆಕ್ಕ ತಪ್ಪುತ್ತದೆ, ಅನಾಹುತವೂ ತಪ್ಪುತ್ತದೆ. ತಪ್ಪು ನಡೆದು ಅನಾಹುತ ತಪ್ಪಿದಾಗ ನಾವು ನಿಟ್ಟುಸಿರು ಬಿಟ್ಟು, ತಲೆಗೆ ಬಂದದ್ದು ಪೇಟಕ್ಕೆ ಹೋಯಿತು ಎಂದು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ತಲೆ ಉಳಿಯಿತಲ್ಲ, ಪೇಟವನ್ನು ಯಾರು ನೋಡುತ್ತಾರೆ? ಕೂಪರ್ ನೋಡಿದ್ದು ಆ ಪೇಟಗಳನ್ನು.

ಈ ಗಾದೆಯನ್ನು ನಾನು ಓಟಿಯೊಳಗೆ ಕೇಳಿದ ದಿನವನ್ನು ಇಲ್ಲಿ ಬರೆಯಲೇಬೇಕು. 2003ರ ಮಳೆಗಾಲ. ಊರನ್ನಾಗಲೀ ಆಸ್ಪತ್ರೆಯನ್ನಾಗಲೀ ಹೇಳುವುದಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಥೈರಾಯ್ಡ್ ಗಡ್ಡೆಯ ಆಪರೇಷನ್. ಟ್ರಾಲಿಯನ್ನು ಒಳಗೆ ತಳ್ಳುವಾಗ ಮಗ ಬಾಗಿಲವರೆಗೂ ಬಂದು, “ಅಮ್ಮ ಎಚ್ಚರ ಆಗ್ತಾರಲ್ವಾ ಮೇಡಂ?” ಎಂದು ಕೇಳಿದ್ದ. ಅರಿವಳಿಕೆ ಕೊಡುವ ಡಾಕ್ಟರನ್ನು ಜನ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಅದೊಂದೇ.

ಥೈರಾಯ್ಡ್ ಆಪರೇಷನ್ನಿನಲ್ಲಿ ಕತ್ತು ಹಿಂದಕ್ಕೆ ಬಾಗಿರುತ್ತದೆ, ಮುಖದ ಮೇಲೆಲ್ಲ ಹಸಿರು ಬಟ್ಟೆ ಮುಚ್ಚಿರುತ್ತದೆ. ಬಾಯಿಯಿಂದ ಹೊರಬಂದ ಟ್ಯೂಬು ಕ್ಯಾತಿಟರ್ ಮೌಂಟ್ ಎಂಬ ಗೇಣುದ್ದದ ಸುಕ್ಕುಕೊಳವೆಗೆ, ಅದು ಯಂತ್ರದ ಕೊಳವೆಗಳಿಗೆ ಸೇರುವ ಜಾಗ ಆ ಬಟ್ಟೆಯ ಅಡಿಯಲ್ಲಿರುತ್ತದೆ. ಅಂದರೆ ರೋಗಿಯ ಜೀವ ನಿಂತಿರುವ ಜಾಗವೇ ನನ್ನ ಕಣ್ಣಿಗೆ ಮರೆ. ರೋಗಿಯನ್ನು ಮಲಗಿಸಿ ಹೊಂದಿಸುವಾಗ ವೆಂಟಿಲೇಟರಿನ ಅಲಾರಂ ಮತ್ತೆ ಮತ್ತೆ ಕೂಗಿತ್ತು, ಸರ್ಜನ್ ಸಾಹೇಬರು ಮುಖ ಸಿಂಡರಿಸಿದ್ದರು, ನಾನು ಅದರ ಸದ್ದನ್ನು ಆರಿಸಿದ್ದೆ. ಮತ್ತೆ ಹಾಕಲು ಮರೆತೆ. ನಲವತ್ತು ನಿಮಿಷ ಕಳೆದು ಎಲ್ಲವೂ ಶಾಂತವಾಗಿದ್ದಾಗ, ಟ್ರಾಲಿಯ ಕಡೆ ತಿರುಗಿ ಮುಂದಿನ ಕೇಸಿನ ಔಷಧಿಗಳನ್ನು ಸಿರಿಂಜುಗಳಿಗೆ ತುಂಬತೊಡಗಿದೆ. ನಡುನಡುವೆ ತಲೆಯೆತ್ತಿ ವೆಂಟಿಲೇಟರಿನ ತಿದಿಯನ್ನು ನೋಡುತ್ತಿದ್ದೆ. ಕುಲುಮೆಯ ತಿದಿಯ ಹಾಗೆ ಅದು ಮೇಲೆ ಕೆಳಗೆ ಆಡುತ್ತಲೇ ಇತ್ತು.

ಆಗ ಪಲ್ಸ್ ಆಕ್ಸಿಮೀಟರಿನ ಸ್ವರ ಇಳಿಯಿತು. ರಕ್ತದ ಆಮ್ಲಜನಕ ಕಡಿಮೆಯಾದಂತೆ ಆ ಟಿಕ್ ಟಿಕ್ ಸದ್ದಿನ ಶ್ರುತಿಯೂ ಕೆಳಗಿಳಿಯುತ್ತದೆ. ಬೇರೆಯವರಿಗೆ ಕೇಳಿಸದಿದ್ದರೂ ನಮ್ಮ ಕಿವಿಗೆ ಅದು ಬೆನ್ನ ಹಿಂದಿನಿಂದಲೂ ಕೇಳಿಸುತ್ತದೆ. ತಿರುಗಿ ನೋಡಿದರೆ 93. ತಿದಿ ಆಡುತ್ತಿದೆ. 90. ತಿದಿ ಆಡುತ್ತಲೇ ಇದೆ. ಬಟ್ಟೆಯ ಅಡಿಗೆ ಕೈ ಹಾಕಿದಾಗ ಬೆರಳಿಗೆ ಸಿಕ್ಕಿದ್ದು ಟ್ಯೂಬಿನ ಬೆತ್ತಲೆ ತುದಿ. ಮೌಂಟ್ ಕಳಚಿಕೊಂಡು ದಿಂಬಿನ ಮೇಲೆ ಬಿದ್ದಿತ್ತು. ಸಿಕ್ಕಿಸಿ, ತಿರುವಿ ಬಿಗಿಮಾಡಿ, ನೂರಕ್ಕೆ ನೂರು ಆಮ್ಲಜನಕ ಹಾಕಿ, ಕೈಯಿಂದ ಬ್ಯಾಗ್ ಒತ್ತಿದೆ. 84ರವರೆಗೆ ಇಳಿದ ಅಂಕಿ ಅಲ್ಲಿ ನಿಂತು, ಮೆಲ್ಲಗೆ ಏರಿತು.

ಕೊಳವೆ ಕಳಚಿದ್ದರೂ ತಿದಿ ಏಕೆ ಆಡುತ್ತಿತ್ತು? ಅದು ಮೇಲಿನಿಂದ ಜೋತುಬಿದ್ದಿರುವ ಮಾದರಿಯದ್ದು. ರೋಗಿ ಉಸಿರು ಬಿಡುವ ಹೊತ್ತಿನಲ್ಲಿ ಅದು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಕೊಳವೆ ಕಳಚಿದ್ದರೆ ರೋಗಿಯ ಉಸಿರಿನ ಬದಲು ಕೋಣೆಯ ಗಾಳಿಯನ್ನು ಎಳೆದುಕೊಂಡು ಇಳಿಯುತ್ತದೆ, ಮತ್ತೆ ಅದನ್ನೇ ಕೋಣೆಗೆ ತಳ್ಳುತ್ತದೆ. ನೋಡುವವರಿಗೆ ಎರಡೂ ಒಂದೇ ಥರ. ಕೆಳಗಿನಿಂದ ಮೇಲಕ್ಕೆ ಏಳುವ ಮಾದರಿಯದಾಗಿದ್ದರೆ ಕಳಚಿದ ಕೂಡಲೇ ಕುಸಿದು ಬಿದ್ದು ತಾನೇ ಹೇಳಿಬಿಡುತ್ತಿತ್ತು. ಈ ವ್ಯತ್ಯಾಸ ಪಠ್ಯಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಆ ಓಟಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಮೊದಲ ಉಸಿರಿಗೇ ತಿಳಿಯುತ್ತಿತ್ತು.

ಆ ತಾಯಿ ಎಚ್ಚರಗೊಂಡರು, ಹೆಸರು ಹೇಳಿದರು, ನೀರು ಕೇಳಿದರು. ಹಿರಿಯ ವೈದ್ಯರೊಬ್ಬರಿಗೆ ನಡುಗುವ ದನಿಯಲ್ಲೇ ಎಲ್ಲವನ್ನೂ ಹೇಳಿದೆ. ಅವರು ಪ್ರೀತಿಯಿಂದಲೇ, “ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು, ಬಿಡಮ್ಮ. ಎಲ್ಲೂ ಬರೀಬೇಡ” ಎಂದರು. ಅರಿವಳಿಕೆ ಚಾರ್ಟಿನಲ್ಲಿ ಐದೈದು ನಿಮಿಷಕ್ಕೊಂದು ಕಾಲಂ ಇರುತ್ತದೆ. ಆ ಕಾಲಂನಲ್ಲಿ ನಾನು 98 ಎಂದು ಬರೆದೆ. ಹೊರಗೆ ಬಂದು ಮಗನಿಗೆ, ಎಲ್ಲ ಚೆನ್ನಾಗಿ ಆಯಿತೆಂದು ಹೇಳಿದೆ.

ಆರೇಳು ತಿಂಗಳ ಬಳಿಕ ಊಟದ ಹೊತ್ತಿನ ಮಾತಿನಲ್ಲಿ, ಅದೇ ಟೇಬಲ್ಲಿನಲ್ಲಿ, ಅದೇ ಯಂತ್ರದಲ್ಲಿ ಸಹೋದ್ಯೋಗಿಯೊಬ್ಬರಿಗೂ ಹೀಗೇ ಆಗಿತ್ತೆಂದು ತಿಳಿಯಿತು. ಅವರದ್ದು ನನ್ನದಕ್ಕಿಂತ ಮೊದಲು ನಡೆದದ್ದು. ಅವರೂ ಬರೆದಿರಲಿಲ್ಲ. ಬರೆದಿದ್ದರೆ ಆ ತಿದಿಯನ್ನು ನಾನು ಅಷ್ಟು ನಂಬುತ್ತಿರಲಿಲ್ಲ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾನು ಬರೆಯದೆ ಹೋದದ್ದರಿಂದ ನನ್ನ ನಂತರ ಬಂದವರು ಯಾರು ಯಾರು ಅದನ್ನು ನಂಬಿದರೋ ಎಂಬ ಯೋಚನೆ ಅದಕ್ಕಿಂತ ಭಾರ.

ಆದ್ದರಿಂದಲೇ, ಕೂಪರ್ ಅವರ 1978ರ ಪ್ರಬಂಧವನ್ನು ಮೊದಲ ಸಲ ಓದಿದಾಗ ನನಗೆ ಅದು ಬೇರೆ ದೇಶದ, ಬೇರೆ ಕಾಲದ ಬರಹವೆಂದು ಅನ್ನಿಸಲಿಲ್ಲ. ಪದೇಪದೇ ಕಾಣಿಸಿಕೊಂಡ ಘಟನೆಗಳಾಗಿ ಅವರು ಹೆಸರಿಸಿದವುಗಳಲ್ಲಿ ಉಸಿರಾಟದ ಕೊಳವೆ ಕಳಚುವುದು ಒಂದು. ಅರಿವಿಲ್ಲದೆ ಅನಿಲದ ಹರಿವು ಬದಲಾಗುವುದು ಇನ್ನೊಂದು. ಒಂದು ಸಿರಿಂಜಿನ ಬದಲು ಇನ್ನೊಂದನ್ನು ಎತ್ತಿಕೊಳ್ಳುವುದು ಮತ್ತೊಂದು. ಅವಸರ, ಗಮನ ಬೇರೆಡೆ ಹೋಗುವುದು, ಉಪಕರಣದ ಪರಿಚಯ ಸಾಲದಿರುವುದು, ಜೊತೆಯವರೊಂದಿಗೆ ಸರಿಯಾಗಿ ಮಾತಾಡದಿರುವುದು ಅವುಗಳ ಸುತ್ತ ಕಂಡುಬಂದವು. ಅರಿವಳಿಕೆಯನ್ನು ವಿಮಾನಕ್ಕೆ ಹೋಲಿಸಿ, ಏರುವಾಗ ಮತ್ತು ಇಳಿಯುವಾಗಲೇ ಅಪಾಯ ಎಂದು ನಮಗೆಲ್ಲ ಕಲಿಸುತ್ತಾರೆ. ಅವರಿಗೆ ಘಟನೆಗಳು ಹೆಚ್ಚಾಗಿ ಸಿಕ್ಕಿದ್ದು ನಡುವೆ, ಎಲ್ಲವೂ ಶಾಂತವಾಗಿರುವ ಹೊತ್ತಿನಲ್ಲಿ. ನನ್ನ ನಲವತ್ತನೆಯ ನಿಮಿಷ ಅಲ್ಲಿ ಆಗಲೇ ದಾಖಲಾಗಿತ್ತು.

ಆ 359 ಘಟನೆಗಳಲ್ಲಿ ಯಂತ್ರವೇ ಕೈಕೊಟ್ಟಿದ್ದು ಕೇವಲ 14 ಶೇಕಡಾ. 82 ಶೇಕಡಾ ಘಟನೆಗಳಲ್ಲಿ ಮನುಷ್ಯರ ತಪ್ಪು ಇತ್ತು. ಈ ಎರಡು ಅಂಕಿಗಳನ್ನು ತಪ್ಪಾಗಿ ಓದುವುದು ಬಹಳ ಸುಲಭ. ಹಾಗಾದರೆ ಮನುಷ್ಯರನ್ನೇ ತಿದ್ದಬೇಕು, ಎಚ್ಚರಿಕೆಯಿಂದಿರಿ ಎಂದು ಗದರಬೇಕು ಎಂಬ ತೀರ್ಮಾನಕ್ಕೆ ಬಂದು, ಸುತ್ತೋಲೆ ಹೊರಡಿಸಿ ಕೈತೊಳೆದುಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೂಪರ್ ಓದಿದ್ದು ಹಾಗಲ್ಲ. ಗುಂಡಿ ಎರಡು ಯಂತ್ರಗಳಲ್ಲಿ ಎರಡು ಕಡೆ ತಿರುಗುವುದಾದರೆ ಅಲ್ಲಿ ಆಗುವ ಮನುಷ್ಯನ ತಪ್ಪನ್ನು ಯಂತ್ರ ಕಟ್ಟಿದವರು ಮೊದಲೇ ಸಿದ್ಧಮಾಡಿ ಇಟ್ಟಿರುತ್ತಾರೆ. ಇಂದು ಆವಿ ಕೊಡುವ ವೇಪೊರೈಸರುಗಳೆಲ್ಲ ಒಂದೇ ದಿಕ್ಕಿಗೆ, ಎಡಕ್ಕೆ ತಿರುಗಿಸಿದರೆ ಹೆಚ್ಚುವಂತೆ ಇವೆ. ಆಮ್ಲಜನಕದ ಗುಂಡಿ ಕತ್ತಲಲ್ಲಿ ಮುಟ್ಟಿದರೂ ತಿಳಿಯುವಂತೆ ಬೇರೆ ಆಕಾರದಲ್ಲಿರುತ್ತದೆ. ಆಮ್ಲಜನಕವಿಲ್ಲದೆ ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಅನಿಲ ಒಂದೇ ಹರಿಯದಂತೆ ಎರಡನ್ನೂ ಬೆಸೆದಿರುತ್ತಾರೆ. ತಿದಿಯಿರುವ ಹೆಚ್ಚಿನ ಯಂತ್ರಗಳಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಇವೆಲ್ಲ ಒಬ್ಬರಿಂದಾದ ಬದಲಾವಣೆಗಳಲ್ಲ, ಕೆಲವಕ್ಕೆ ಕೂಪರ್‌ಗಿಂತ ಹಳೆಯ ಬೇರುಗಳಿವೆ. ಆದರೆ ತಪ್ಪು ಆಗಿಯೇ ಆಗುತ್ತದೆ ಎಂದು ಒಪ್ಪಿಕೊಂಡು ಯಂತ್ರವನ್ನು ಕಟ್ಟಬೇಕೆಂಬ ಮಾತಿಗೆ ಆಧಾರ ಒದಗಿಸಿದ್ದು ಆ 47 ಮಂದಿಯ ನೆನಪುಗಳು.

ತಂಡ ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದೆ ಇನ್ನಷ್ಟು ಆಸ್ಪತ್ರೆಗಳನ್ನು ಸೇರಿಸಿಕೊಂಡು ಒಟ್ಟು 1,089 ಘಟನೆಗಳನ್ನು ಕಲೆಹಾಕಿತು. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಆಪರೇಷನ್ ನಡುವೆ ಒಬ್ಬ ಅರಿವಳಿಕೆ ತಜ್ಞರು ಹೊರಟು ಇನ್ನೊಬ್ಬರು ಬಂದು ನಿಲ್ಲುವುದರಿಂದ ಅಪಾಯ ಹೆಚ್ಚುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಾಗೆ ಬಂದವರಿಂದ ಆದ ತಪ್ಪುಗಳಿಗಿಂತ, ಬಂದವರು ಹೊಸ ಕಣ್ಣಿನಿಂದ ನೋಡಿ ಕಂಡುಹಿಡಿದ ತಪ್ಪುಗಳೇ ಆ ವರದಿಗಳಲ್ಲಿ ಹೆಚ್ಚಾಗಿದ್ದವು. ಟೀ ಕುಡಿಯಲು ಹತ್ತು ನಿಮಿಷ ಬಿಡಿಸಿಕೊಡಿ ಎಂದು ಕೇಳಲು ಸಂಕೋಚಪಡುವ ಕಿರಿಯರಿಗೆ ನಾನು ಈ ಸಂಗತಿಯನ್ನು ಹೇಳದೆ ಬಿಡುವುದಿಲ್ಲ.

ಪ್ರಬಂಧ ಅಚ್ಚಾದ ಮಾತ್ರಕ್ಕೆ ಓಟಿ ಬದಲಾಗುವುದಿಲ್ಲ. ಅದಕ್ಕೆ ಅಧಿಕಾರದಲ್ಲಿರುವ ಯಾರಾದರೂ ಒಬ್ಬರ ಎದೆಗೆ ವಿಷಯ ತಾಗಬೇಕಾಗುತ್ತದೆ. ಎಲಿಸನ್ ಪಿಯರ್ಸ್ ಎಂಬ ಬಾಸ್ಟನ್ನಿನ ಅರಿವಳಿಕೆ ತಜ್ಞರು 1960ರ ದಶಕದಿಂದಲೇ ಅರಿವಳಿಕೆಯ ಅವಘಡಗಳ ಮಾಹಿತಿಯನ್ನು ಕಡತ ಮಾಡಿ ಇಟ್ಟುಕೊಳ್ಳುತ್ತಿದ್ದರು. ಅವರ ಸ್ನೇಹಿತರೊಬ್ಬರ ಹದಿನೆಂಟು ವರ್ಷದ ಮಗಳು ಬುದ್ಧಿಹಲ್ಲು ಕೀಳಿಸಿಕೊಳ್ಳುವಾಗ, ಶ್ವಾಸನಾಳಕ್ಕೆ ಹೋಗಬೇಕಾದ ಟ್ಯೂಬು ಅನ್ನನಾಳಕ್ಕೆ ಹೋಗಿ ತೀರಿಕೊಂಡಿದ್ದಳು. 1982ರಲ್ಲಿ ಎಬಿಸಿ ವಾಹಿನಿ ಅರಿವಳಿಕೆಯ ಸಾವುಗಳ ಬಗ್ಗೆ ಪ್ರಸಾರ ಮಾಡಿದ ಕಾರ್ಯಕ್ರಮ ಅಮೆರಿಕದ ಜನರನ್ನು ಬೆಚ್ಚಿಬೀಳಿಸಿತು. ಪಿಯರ್ಸ್ 1984ರಲ್ಲಿ ಅಲ್ಲಿನ ಅರಿವಳಿಕೆ ತಜ್ಞರ ಸಂಘದ ಅಧ್ಯಕ್ಷರಾದರು; 1985ರಲ್ಲಿ ಅನೆಸ್ತೀಸಿಯಾ ಪೇಷೆಂಟ್ ಸೇಫ್ಟಿ ಫೌಂಡೇಶನ್ ಹುಟ್ಟಿತು, ವೈದ್ಯರ ಜೊತೆ ದಾದಿಯರು, ಎಂಜಿನಿಯರುಗಳು, ಯಂತ್ರ ತಯಾರಕರು, ವಿಮಾ ಕಂಪನಿಯವರು ಒಂದೇ ಮೇಜಿನ ಸುತ್ತ ಕುಳಿತರು. ಕೂಪರ್ ಅದರ ಸ್ಥಾಪಕರಲ್ಲಿ ಒಬ್ಬರು.

1986ರಲ್ಲಿ ಪ್ರಕಟವಾದ ಹಾರ್ವರ್ಡ್ ಆಸ್ಪತ್ರೆಗಳ ನಿಯಮಾವಳಿಯಲ್ಲಿಯೂ ಕೂಪರ್ ಹೆಸರಿದೆ. ಅರಿವಳಿಕೆ ಕೊಟ್ಟವರು ಓಟಿ ಬಿಟ್ಟು ಹೋಗಬಾರದು, ರಕ್ತದೊತ್ತಡ ಮತ್ತು ನಾಡಿಯನ್ನು ಕನಿಷ್ಠ ಐದು ನಿಮಿಷಕ್ಕೊಮ್ಮೆ ನೋಡಬೇಕು, ಇಸಿಜಿ ಸತತವಾಗಿ ಓಡುತ್ತಿರಬೇಕು, ವೆಂಟಿಲೇಟರ್ ಬಳಸುವಾಗ ಕೊಳವೆ ಕಳಚಿದರೆ ಕೂಗುವ ಅಲಾರಂ ಇರಬೇಕು. ಇಂದು ಓದಿದರೆ, ಇದನ್ನೂ ಬರೆದು ಹೇಳಬೇಕಾಗಿತ್ತೇ ಎನ್ನಿಸುವಷ್ಟು ಸರಳ. ನನ್ನ ರೋಗಿಯನ್ನು ಉಳಿಸಿದ ಪಲ್ಸ್ ಆಕ್ಸಿಮೀಟರಿನ ಮೂಲ ಕಲ್ಪನೆ ಜಪಾನಿನ ತಕುವೊ ಅಯೋಯಾಗಿ ಎಂಬ ಎಂಜಿನಿಯರದ್ದು, 1974ರದ್ದು. ಬೇರೊಂದು ಅಳತೆಗೆ ಅಡ್ಡಬರುತ್ತಿದ್ದ ನಾಡಿಮಿಡಿತವನ್ನೇ ಅವರು ಅಳತೆಯ ಸಾಧನವನ್ನಾಗಿ ಮಾಡಿಕೊಂಡರು. ಅದು ಓಟಿಗಳಿಗೆ ಕಾಲಿಟ್ಟದ್ದು 1980ರ ದಶಕದಿಂದ ಈಚೆಗೆ.

1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ವೈದ್ಯಕೀಯ ತಪ್ಪುಗಳ ಕುರಿತ ತನ್ನ ವರದಿಯಲ್ಲಿ ಅರಿವಳಿಕೆಯನ್ನು ಮಾದರಿಯಾಗಿ ಎತ್ತಿಹಿಡಿದು, 1980ರ ದಶಕದ ಆರಂಭದಲ್ಲಿ ಹತ್ತು ಸಾವಿರಕ್ಕೆ ಎರಡರಷ್ಟಿದ್ದ ಸಾವು ಎರಡು ಮೂರು ಲಕ್ಷಕ್ಕೆ ಒಂದಕ್ಕೆ ಇಳಿದಿದೆ ಎಂದಿತು. ಈ ಅಂಕಿಯನ್ನು ಪ್ರಶ್ನಿಸಿದ ಅರಿವಳಿಕೆ ತಜ್ಞರೂ ಇದ್ದಾರೆ, ಅವರ ಆಕ್ಷೇಪದಲ್ಲಿ ಹುರುಳಿದೆ. ಆರೋಗ್ಯವಂತರ ಸಣ್ಣ ಆಪರೇಷನ್ನಿನ ಲೆಕ್ಕ ಬೇರೆ, ಹೃದ್ರೋಗವಿರುವ ವೃದ್ಧರ ತುರ್ತು ಆಪರೇಷನ್ನಿನ ಲೆಕ್ಕ ಬೇರೆ. ಸುರಕ್ಷತೆ ಹೆಚ್ಚಿದೆ ಎಂಬುದನ್ನು ಮಾತ್ರ ನನ್ನ ವಯಸ್ಸಿನ ಯಾರೂ ಅಲ್ಲಗಳೆಯಲಾರರು.

ನನ್ನ ಕೊರಗು ಬೇರೆ. ಬಾಸ್ಟನ್ನಿನಲ್ಲಿ ಮೊದಲು ಕೇಳಿದರು, ಆಮೇಲೆ ಯಂತ್ರ ಬದಲಿಸಿದರು. ನಾನು ಕೆಲಸ ಮಾಡಿದ ಕಡೆಗಳಿಗೆ ಬದಲಾದ ಯಂತ್ರಗಳು ಬಂದವು. ಕೇಳುವ ರೂಢಿ ಜೊತೆಗೆ ಬರಲಿಲ್ಲ. ಮಾನಿಟರನ್ನು ಟೆಂಡರ್ ಕರೆದು ತರಿಸಬಹುದು. ಒಬ್ಬ ಕಿರಿಯ ವೈದ್ಯೆ, “ನಾನು ಅಲಾರಂ ಆರಿಸಿದ್ದೆ” ಎಂದು ಬೆದರದೆ ಹೇಳಬಲ್ಲ ಕೋಣೆಯನ್ನು ಹಾಗೆ ತರಿಸಲಾಗುವುದಿಲ್ಲ.

2014ರಲ್ಲಿ, ನಾನು ಈಗಿರುವ ಆಸ್ಪತ್ರೆಯ ಓಟಿಯಲ್ಲಿ ಔಷಧಿ ಟ್ರಾಲಿಯ ಕೆಳಗಿನ ಡ್ರಾಯರಿನಲ್ಲಿ 200 ಪುಟದ ಉದ್ದನೆಯ ನೋಟ್‌ಬುಕ್ ಇಟ್ಟೆ. ಹೆಸರು ಬರೆಯಬೇಕಿಲ್ಲ, ರೋಗಿಯ ನಂಬರ್ ಬೇಡ. ಏನಾಗುತ್ತಿತ್ತು, ಹೇಗೆ ಗೊತ್ತಾಯಿತು ಎಂದಷ್ಟು ಬರೆದರೆ ಸಾಕು. ಮೊದಲ ಪುಟದಲ್ಲಿ 2003ರ ಘಟನೆಯನ್ನು 84 ಎಂಬ ಅಂಕಿಯೊಡನೆ ನಾನೇ ಬರೆದೆ. ಏಳು ತಿಂಗಳು ಅದರಲ್ಲಿ ನನ್ನ ಕೈಬರಹ ಬಿಟ್ಟರೆ ಬೇರೆ ಇರಲಿಲ್ಲ. ಎಂಟನೆಯ ತಿಂಗಳು ಸಿಸ್ಟರ್ ಒಬ್ಬರು ನಾಲ್ಕು ಸಾಲು ಬರೆದಿದ್ದರು: ಸಿಸೇರಿಯನ್ನಿಗೆ ಬೆನ್ನಿಗೆ ಕೊಡುವ ಬುಪಿವಕೇನ್ ಆಂಪ್ಯೂಲಿನ ಪಕ್ಕದಲ್ಲೇ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಆಂಪ್ಯೂಲ್ ಇತ್ತು, ಡಾಕ್ಟರ ಕೈಗೆ ಕೊಡುವಾಗ ಲೇಬಲ್ ಓದಿದೆ, ಬೇರೆಯದಿತ್ತು, ಬದಲಿಸಿದೆ. ಈ ಎರಡನೆಯ ಔಷಧಿ ಬೆನ್ನುಹುರಿಯ ದ್ರವಕ್ಕೆ ಹೋದರೆ ತಡೆಯಲಾಗದ ಸೆಳೆತ ಬರುತ್ತದೆ. ವರದಿಯಾದ ಅಂಥ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿದಿಲ್ಲ. ಅದೇ ಸಂಜೆ ಟ್ರಾನೆಕ್ಸಾಮಿಕ್ ಆಸಿಡ್ ನಮ್ಮ ಟ್ರಾಲಿಯಿಂದ ಎದುರು ಗೋಡೆಯ ಬೀರುವಿಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಇದೇ ಅದಲುಬದಲಿನ ಬಗ್ಗೆ 2022ರಲ್ಲಿ ಎಚ್ಚರಿಕೆ ಹೊರಡಿಸಿದಾಗ, ನಮ್ಮ ಬೀರು ಅಲ್ಲಿ ಆಗಲೇ ಏಳು ವರ್ಷಗಳಿಂದ ಇತ್ತು.

ಮೊನ್ನೆ ಗುರುವಾರ ಹೊಸದಾಗಿ ಸೇರಿದ ಪಿ.ಜಿ. ವಿದ್ಯಾರ್ಥಿನಿ ನೋಟ್‌ಬುಕ್ ಹಿಡಿದು ಬಂದಳು. ಪಿತ್ತಕೋಶದ ಆಪರೇಷನ್ ನಡುವೆ ಕ್ಯಾತಿಟರ್ ಮೌಂಟ್ ಕಳಚಿತ್ತು, ಕ್ಯಾಪ್ನೋಗ್ರಾಫಿನ ಗೆರೆ ಮಟ್ಟಸವಾದ ಕೂಡಲೇ ಸಿಕ್ಕಿಸಿದ್ದಳು. “ಮೇಡಂ, ಸ್ಯಾಚುರೇಶನ್ 99ಕ್ಕಿಂತ ಕೆಳಗೇ ಬಂದಿಲ್ಲ, ಪೇಷೆಂಟಿಗೆ ಏನೂ ಆಗಿಲ್ಲ. ಇದನ್ನೂ ಬರೀಬೇಕಾ?” ಎಂದು ಕೇಳಿದಳು. ನನ್ನ ಪೆನ್ನನ್ನೇ ಅವಳ ಕೈಗೆ ಕೊಟ್ಟೆ. ಬರೆದು ಮುಗಿಸಿದ ಮೇಲೆ ಇಬ್ಬರೂ ಟೆಕ್ನಿಷಿಯನ್ ಜೊತೆ ಹೋಗಿ, ತೊಳೆದು ಒಣಗಿಸಿಟ್ಟಿದ್ದ ಮೌಂಟುಗಳನ್ನು ಒಂದೊಂದಾಗಿ ಟ್ಯೂಬಿನ ತುದಿಗೆ ಸಿಕ್ಕಿಸಿ ಎಳೆದು ನೋಡಿದೆವು. ಹದಿನಾಲ್ಕರಲ್ಲಿ ಐದು, ಮತ್ತೆ ಮತ್ತೆ ಬಳಸಿ ಬಾಯಿ ಸಡಿಲವಾಗಿ, ಬೆರಳು ತಾಗಿದರೆ ಸಾಕು ಜಾರಿ ಬರುತ್ತಿದ್ದವು. ಆ ಐದನ್ನೂ ಕತ್ತರಿಯಿಂದ ಎರಡು ತುಂಡು ಮಾಡಿ ಕೆಂಪು ಚೀಲಕ್ಕೆ ಹಾಕಿದೆವು.